ಎಡತೋಳಿನ ಕಪ್ಪು ಚೀಲ: ಎರಡನೇ ಎಲಿಜಬೆತ್ ರಾಣಿಯ ಉಡುಪಿನ ಬಗ್ಗೆ ಒಂದು ಪ್ರಕರಣ ಅಧ್ಯಯನ

2022ರ ಸೆಪ್ಟೆಂಬರ್ 6ರಂದು ಸ್ಕಾಟ್ಲೆಂಡಿನ ಬಾಲ್ಮೋರಲ್ ಅರಮನೆಯ ದಿವಾನಖಾನೆಯಲ್ಲಿ ತೆಗೆದ ಛಾಯಾಚಿತ್ರವೊಂದರಿಂದ ಈ ಅಧ್ಯಯನವನ್ನು ಆರಂಭಿಸುತ್ತೇನೆ. ಹಿಂಬದಿಯ ಅಗ್ಗಿಷ್ಟಿಕೆಯಲ್ಲಿ ಬೆಂಕಿ ಉರಿಯುತ್ತಿದೆ. ಅದರ ಮುಂದೆ 96 ವರ್ಷದ ಎರಡನೇ ಎಲಿಜಬೆತ್ ನಿಂತಿದ್ದಾರೆ. ಬೂದು ಬಣ್ಣದ ಉಣ್ಣೆಯ ಕಾರ್ಡಿಗನ್, ನೆರಿಗೆ ಹಿಡಿದ ಚೌಕುಳಿ ಲಂಗ, ಎಡಗೈಯಲ್ಲಿ ಊರುಗೋಲು. ಬಲಗೈಯ ಹಿಂಬದಿ ನೀಲಿಗಟ್ಟಿದೆ. ತಮ್ಮ ಆಳ್ವಿಕೆಯ ಹದಿನೈದನೆಯ ಪ್ರಧಾನಮಂತ್ರಿ ಲಿಜ್ ಟ್ರಸ್ ಅವರನ್ನು ನೇಮಿಸಲು ಅವರು ಕಾಯುತ್ತಿದ್ದಾರೆ. ಮುಖದಲ್ಲಿ ನಗುವಿದೆ. ಊರುಗೋಲು ಹಿಡಿದ ಕೈಯ ಮುಂದೋಳಿನಲ್ಲೇ ಕಪ್ಪು ಕೈಚೀಲವೊಂದು ತೂಗುತ್ತಿದೆ. ಇದಾದ ಎರಡೇ ದಿನಕ್ಕೆ, ಸೆಪ್ಟೆಂಬರ್ 8ರಂದು, ಅದೇ ಮನೆಯಲ್ಲಿ ಅವರು ತೀರಿಕೊಂಡರು.

ಈ ಚಿತ್ರವನ್ನು ನೋಡಿದ ಯಾರಿಗೂ ಒಂದು ಪ್ರಶ್ನೆ ಏಳುತ್ತದೆ. ಅದು ಅವರದೇ ಮನೆ. ಬಾಗಿಲು ತೆರೆಯಲು, ಕನ್ನಡಕ ತಂದುಕೊಡಲು, ಲೇಖನಿ ಮುಂದಿಡಲು ಜನರಿದ್ದಾರೆ. ಬೀಗದ ಕೈ ಬೇಕಿಲ್ಲ, ದುಡ್ಡು ಬೇಕಿಲ್ಲ. ತನ್ನ ಮನೆಯ ಪಡಸಾಲೆಯಲ್ಲಿ ಅತಿಥಿಯನ್ನು ಎದುರುಗೊಳ್ಳುವ ಯಾವ ಅಜ್ಜಿಯೂ ವ್ಯಾನಿಟಿ ಬ್ಯಾಗನ್ನು ತೋಳಿಗೆ ಸಿಕ್ಕಿಸಿಕೊಂಡು ನಿಲ್ಲುವುದಿಲ್ಲ. ಹಾಗಿದ್ದರೂ ಕೋಲಿನ ಆಸರೆ ಬೇಕಾದ ದಿನದಲ್ಲೂ ರಾಣಿ ಆ ಚೀಲವನ್ನು ಕೆಳಗಿಡಲಿಲ್ಲ. ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆ, ಎಪ್ಪತ್ತು ವರ್ಷಗಳ ಕಾಲ ಒಬ್ಬ ರಾಣಿ ತಮ್ಮ ಉಡುಪನ್ನು ಎಷ್ಟು ಶ್ರದ್ಧೆಯಿಂದ ಕೆಲಸದ ಸಲಕರಣೆಯಾಗಿ ರೂಪಿಸಿಕೊಂಡರು ಎಂಬುದು ತಿಳಿಯುತ್ತದೆ. ಆ ಸಲಕರಣೆಗಳಲ್ಲಿ ಕೋಟು, ಟೋಪಿ, ಬ್ರೂಚುಗಳು ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತಿದ್ದವು. ಚೀಲ ಮಾತ್ರ ಬದಲಾಗಲಿಲ್ಲ. ನನ್ನ ದೃಷ್ಟಿಯಲ್ಲಿ ಅದರ ಮಹತ್ವವಿರುವುದೇ ಈ ಬದಲಾಗದ ಗುಣದಲ್ಲಿ.

ಮೊದಲು ಚೀಲವನ್ನೇ ಹತ್ತಿರದಿಂದ ನೋಡೋಣ. ಅದು ಲಂಡನ್ನಿನ ಲೌನರ್ ಎಂಬ ಸಂಸ್ಥೆಯ ತಯಾರಿಕೆ. ರಾಣಿಗೆ ಅಚ್ಚುಮೆಚ್ಚಾಗಿದ್ದ ಮಾದರಿಗಳಲ್ಲಿ ಒಂದರ ಹೆಸರು ಟ್ರವಿಯಾಟಾ. ಕರುವಿನ ಚರ್ಮದಿಂದ ಕೈಕೆಲಸದಲ್ಲಿ ಮಾಡಿದ, ನೆಲದ ಮೇಲಿಟ್ಟರೆ ಕುಸಿಯದೆ ನೆಟ್ಟಗೆ ನಿಲ್ಲುವ ಗಟ್ಟಿ ಮೈಯ ಚೀಲವದು. ಮೇಲೊಂದು ಮುಚ್ಚಳ, ಒಳಗೆ ಮೆತ್ತನೆಯ ಸ್ವೇಡ್ ಚರ್ಮದ ಅಸ್ತರು, ಕಮಾನಿನಂತೆ ಬಾಗಿದ ಒಂದು ಹಿಡಿಕೆ. ಹೊರಮೈಯಲ್ಲಿ ತಯಾರಕರ ಹೆಸರನ್ನು ದೊಡ್ಡದಾಗಿ ಒತ್ತಿರುವುದಿಲ್ಲ. ಇರುವ ಒಂದೇ ಅಲಂಕಾರವೆಂದರೆ ಹುರಿ ಮಾಡಿದ ಹಗ್ಗದ ಆಕಾರದ, ಚಿನ್ನದ ಬಣ್ಣದ ಪುಟ್ಟ ಲೋಹದ ಚಿಹ್ನೆ. ಅದೂ ಬಲ್ಲವರಿಗಷ್ಟೇ ಗುರುತು ಸಿಗುತ್ತದೆ. ದೂರದಿಂದ ನೋಡಿದವರಿಗೆ ಕಾಣುವುದು ಒಂದು ಕಪ್ಪು ಚೌಕ, ಅಷ್ಟೆ. ರಾಣಿ ಹೆಚ್ಚಾಗಿ ಒಯ್ಯುತ್ತಿದ್ದುದು ಹೊಳಪು ಚರ್ಮದ ಕಪ್ಪು ಚೀಲವನ್ನೇ. ಬೇಸಿಗೆಯ ತಿಳಿಬಣ್ಣದ ಉಡುಪುಗಳ ಜೊತೆಗೆ ಕೆಲವೊಮ್ಮೆ ಬಿಳಿಯ ಅಥವಾ ಕೆನೆಬಣ್ಣದ ಚೀಲ ಬರುತ್ತಿತ್ತು, ಆದರೆ ಆಕಾರ ಅದೇ, ಒಯ್ಯುವ ರೀತಿಯೂ ಅದೇ.

ಲೌನರ್ ಸಂಸ್ಥೆಯನ್ನು 1940ರ ದಶಕದ ಆರಂಭದಲ್ಲಿ, ಯುದ್ಧದ ಲಂಡನ್ನಿನಲ್ಲಿ ಹುಟ್ಟುಹಾಕಿದವರು ಚೆಕೊಸ್ಲೊವಾಕಿಯಾದಿಂದ ವಲಸೆ ಬಂದಿದ್ದ ಸ್ಯಾಮ್ ಲೌನರ್. ಅವರ ಚೀಲಗಳನ್ನು ಅರಮನೆಯಲ್ಲಿ ಮೊದಲು ಮೆಚ್ಚಿದವರು ರಾಣಿಯ ತಾಯಿ. ತಾಯಿಯಿಂದ ಆ ರುಚಿ ಮಗಳಿಗೆ ಬಂತು. 1968ರಲ್ಲಿ ಸಂಸ್ಥೆಗೆ ರಾಣಿಯ ರಾಯಲ್ ವಾರಂಟ್, ಅಂದರೆ ಅರಮನೆಗೆ ಸರಕು ಒದಗಿಸುವವರೆಂಬ ಅಧಿಕೃತ ಮನ್ನಣೆ ದೊರೆಯಿತು. ಈ ಮನ್ನಣೆ ಒಂದೆರಡು ಚೀಲ ಮಾರಿದ ಮಾತ್ರಕ್ಕೆ ಸಿಗುವಂಥದಲ್ಲ, ವರ್ಷಗಟ್ಟಲೆ ಎಡೆಬಿಡದೆ ಸರಕು ಒದಗಿಸಿದವರು ಮಾತ್ರ ಅದನ್ನು ಕೇಳಬಹುದು. ಚೀಲಗಳನ್ನು ಹೊಲಿಯುವ ಕಾರ್ಖಾನೆ ಇರುವುದು ವಾಲ್ಸಾಲ್ ಎಂಬ ಊರಿನಲ್ಲಿ. ಇಂಗ್ಲೆಂಡಿನಲ್ಲಿ ಕುದುರೆಯ ಜೀನು, ಲಗಾಮು, ಪಟ್ಟಿಗಳ ಕೆಲಸಕ್ಕೆ ತಲೆಮಾರುಗಳಿಂದ ಹೆಸರಾದ ಊರದು. ಅಲ್ಲಿನ ಫುಟ್‌ಬಾಲ್ ತಂಡವನ್ನು ಜನ ಇಂದಿಗೂ ಜೀನುಗಾರರು ಎಂಬ ಅಡ್ಡಹೆಸರಿನಿಂದಲೇ ಕರೆಯುತ್ತಾರೆ. ಬದುಕಿನುದ್ದಕ್ಕೂ ಕುದುರೆ ಸಾಕಿದ, ತೊಂಬತ್ತು ದಾಟಿದ ಮೇಲೂ ಕುದುರೆ ಏರಿದ ಹೆಣ್ಣುಮಗಳೊಬ್ಬರ ತೋಳಿಗೆ ಜೀನು ಹೊಲಿಯುವ ಊರಿನ ಚೀಲ ಬಂದು ಸೇರಿದ್ದು ನನಗೆ ಬಹಳ ಒಪ್ಪುತ್ತದೆ. ಒಳ್ಳೆಯ ಜೀನಿಗೆ ಬೇಕಾದ ಗಟ್ಟಿತನ, ಹದವಾದ ಅಳತೆ, ವರ್ಷಗಟ್ಟಲೆ ಬಾಳುವ ಹೊಲಿಗೆ ಇವೆಲ್ಲವೂ ಆ ಚೀಲದ ಗುಣಗಳೇ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ರಾಣಿಯ ವೇಷವನ್ನು ಜಗತ್ತು ಅಪ್ಪಟ ಇಂಗ್ಲಿಷ್ ವೇಷವೆಂದು ತಿಳಿಯಿತು. ಆದರೆ ಅದನ್ನು ಕಟ್ಟಿಕೊಟ್ಟ ಕೈಗಳು ಎಲ್ಲೆಲ್ಲಿಂದಲೋ ಬಂದವು. ಚೀಲದ ಸ್ಯಾಮ್ ಲೌನರ್ ಚೆಕೊಸ್ಲೊವಾಕಿಯಾದವರು. ಕೈಗವಸು ಒದಗಿಸಿದ ಕಾರ್ನೀಲಿಯಾ ಜೇಮ್ಸ್ ನಾಜಿಗಳ ಕಾಲದಲ್ಲಿ ವಿಯೆನ್ನಾದಿಂದ ನಿರಾಶ್ರಿತರಾಗಿ ಬಂದವರು. 1947ರಲ್ಲಿ ಎಲಿಜಬೆತ್ ಮದುವೆಯಾಗಿ ಹೊರಟಾಗ ತೊಟ್ಟ ಉಡುಪಿಗೆ ಕೈಗವಸು ಮಾಡಿಕೊಟ್ಟ ಅವರಿಗೆ 1979ರಲ್ಲಿ ರಾಯಲ್ ವಾರಂಟ್ ಸಿಕ್ಕಿತು. ಕಪ್ಪು ಪಾದರಕ್ಷೆ ಮಾಡುತ್ತಿದ್ದ ಲಂಡನ್ನಿನ ಅನೆಲ್ಲೊ ಅಂಡ್ ಡೇವಿಡೆ ನಾಟಕ ರಂಗದವರಿಗೆ ಬೂಟು ಹೊಲಿದು ಬೆಳೆದ ಅಂಗಡಿ. ಬೀಟಲ್ಸ್ ತಂಡದ ಹುಡುಗರ ಹೆಸರಾಂತ ಬೂಟುಗಳೂ ಅಲ್ಲಿಯವೇ. ಒಂದು ದೇಶದ ಮುದ್ರೆಯೆಂದು ನಾವು ಗುರುತಿಸುವ ವೇಷದ ಹಿಂದೆ ಮನೆಮಠ ಕಳೆದುಕೊಂಡು ಬಂದವರ ಸೂಜಿ, ಕತ್ತರಿಗಳು ಇದ್ದವೆಂಬುದು ಆ ವೇಷದ ಮೇಲಿನ ನನ್ನ ಗೌರವವನ್ನು ಹೆಚ್ಚಿಸಿದೆ.

ಈಗ ಚೀಲದ ಬಳಕೆಗೆ ಬರೋಣ. ರಾಣಿ ಅದನ್ನು ಯಾವಾಗಲೂ ಎಡ ಮುಂದೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಕಾರಣ ಸರಳವಾದದ್ದು. ಬಲಗೈ ಜನರದ್ದು. ಒಂದು ಸಮಾರಂಭಕ್ಕೆ ಹೋದರೆ ಹತ್ತಾರು ಜನರ ಕೈಕುಲುಕಬೇಕು, ಮಕ್ಕಳು ನೀಡುವ ಹೂಗುಚ್ಛ ಸ್ವೀಕರಿಸಬೇಕು, ಫಲಕದ ಪರದೆ ಸರಿಸಬೇಕು, ಕಾರಿನೊಳಗಿಂದ ಕೈಬೀಸಬೇಕು. ಹೆಗಲಿಗೆ ಹಾಕಿದ ಚೀಲ ಕೋಟಿನ ಆಕಾರವನ್ನು ಕೆಡಿಸುತ್ತದೆ, ಕೈಯಲ್ಲಿ ಹಿಡಿಯುವ ಪರ್ಸು ಆ ಕೈಯನ್ನೇ ಕಟ್ಟಿಹಾಕುತ್ತದೆ. ಮುಂದೋಳಿಗೆ ಸಿಕ್ಕಿಸಿದ ಚೀಲವಾದರೆ ಎಡಗೈಯ ಬೆರಳುಗಳೂ ಬಿಡುವಾಗಿರುತ್ತವೆ. ಆದರೆ ಅಂಗಡಿಯಲ್ಲಿ ಸಿಗುವ ಚೀಲದ ಹಿಡಿಕೆ ಸಾಮಾನ್ಯವಾಗಿ ಅಂಗೈಯಲ್ಲಿ ಹಿಡಿಯುವುದಕ್ಕೆಂದು ಮಾಡಿದ ಅಳತೆಯದು. ದಪ್ಪ ಉಣ್ಣೆಯ ಕೋಟಿನ ತೋಳಿನ ಮೇಲೆ ಅದನ್ನು ಏರಿಸಲು ಹೋದರೆ ತೋಳಿನ ಅಂಚು ಸಿಕ್ಕಿಕೊಂಡು ಮುದುರುತ್ತದೆ. ಹಾಗಾಗಿ ರಾಣಿಯ ಚೀಲಗಳ ಹಿಡಿಕೆಯನ್ನು ತುಸು ಉದ್ದವಾಗಿ, ಚೀಲವನ್ನು ಹಗುರವಾಗಿ ಮಾಡಿಕೊಡುತ್ತಿದ್ದೆವೆಂದು 1981ರಲ್ಲಿ ಲೌನರ್ ಸಂಸ್ಥೆಯನ್ನು ಕೊಂಡ ಜೆರಾಲ್ಡ್ ಬಾಡ್ಮರ್ ಸಂದರ್ಶನಗಳಲ್ಲಿ ತಿಳಿಸಿದ್ದಾರೆ. ಹಿಡಿಕೆ ತುಸು ಉದ್ದವಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ದಿನಕ್ಕೆ ನೂರು ಸಲ ಕೈ ಚಾಚುವವರ ತೋಳಿಗೆ ಮಾತ್ರ ಅದರ ಬೆಲೆ ಗೊತ್ತು.

ಇಷ್ಟು ನಿರಾಡಂಬರವಾದ ಆಯ್ಕೆ ಮೊದಲಿನಿಂದಲೂ ಇತ್ತೆಂದು ತಿಳಿಯಬಾರದು. ಎಲಿಜಬೆತ್ ಅವರ ಉಡುಪಿನ ಕಥೆ ಶುರುವಾಗುವುದು ಯುದ್ಧಕಾಲದ ಕೊರತೆಯಲ್ಲಿ. ಬ್ರಿಟನ್ನಿನಲ್ಲಿ 1941ರಿಂದ 1949ರವರೆಗೆ ಬಟ್ಟೆಗೂ ಪಡಿತರವಿತ್ತು. 1947ರ ನವೆಂಬರ್ 20ರ ಮದುವೆಯ ಉಡುಪಿಗೂ ಕೂಪನ್ ಬೇಕಾಯಿತು. ಸರ್ಕಾರ ಕೆಲವು ಹೆಚ್ಚುವರಿ ಕೂಪನ್‌ಗಳನ್ನು ಕೊಟ್ಟಿತು. ದೇಶದ ನಾನಾ ಕಡೆಯ ಹೆಣ್ಣುಮಕ್ಕಳು ತಮ್ಮ ಪಾಲಿನ ಕೂಪನ್‌ಗಳನ್ನು ಅಂಚೆಯಲ್ಲಿ ಕಳುಹಿಸಿದರು, ಆದರೆ ಒಬ್ಬರ ಕೂಪನ್ನನ್ನು ಮತ್ತೊಬ್ಬರು ಬಳಸುವುದು ಕಾನೂನಿಗೆ ವಿರುದ್ಧವಾದ್ದರಿಂದ ಅವನ್ನೆಲ್ಲ ಹಿಂದಿರುಗಿಸಬೇಕಾಯಿತು. ಆ ಉಡುಪನ್ನು ವಿನ್ಯಾಸ ಮಾಡಿದ ನಾರ್ಮನ್ ಹಾರ್ಟ್‌ನೆಲ್ ಅವರೇ 1953ರ ಜೂನ್ 2ರ ಪಟ್ಟಾಭಿಷೇಕದ ನಿಲುವಂಗಿಯನ್ನೂ ಮಾಡಿದರು. ಬಿಳಿಯ ಸ್ಯಾಟಿನ್ ಮೇಲೆ ಇಂಗ್ಲೆಂಡಿನ ಗುಲಾಬಿ, ಸ್ಕಾಟ್ಲೆಂಡಿನ ಮುಳ್ಳುಹೂ, ಕೆನಡಾದ ಮೇಪಲ್ ಎಲೆ, ಆಸ್ಟ್ರೇಲಿಯಾದ ವಾಟಲ್ ಹೂ ಎಲ್ಲವನ್ನೂ ಕಸೂತಿಯಲ್ಲಿ ಮೂಡಿಸಿದ್ದರು. ಆ ಸಾಲಿನಲ್ಲಿ ಭಾರತ ಮತ್ತು ಸಿಲೋನ್ ದೇಶಗಳಿಗಾಗಿ ತಾವರೆಯೂ ಇತ್ತು. ಭಾರತ ಅಷ್ಟರಲ್ಲಿ ಗಣರಾಜ್ಯವಾಗಿ ಮೂರು ವರ್ಷ ಕಳೆದಿತ್ತು, ತಾವರೆ ನಿಂತದ್ದು ಕಾಮನ್‌ವೆಲ್ತ್ ಒಕ್ಕೂಟದ ಸದಸ್ಯ ದೇಶದ ಗುರುತಾಗಿ. ಉಡುಪು ಹೀಗೆ ಮಾತನಾಡಬಲ್ಲದು ಎಂಬ ಪಾಠವನ್ನು 27ನೆಯ ವಯಸ್ಸಿನಲ್ಲೇ ಅವರು ಮೈಮೇಲೆ ಹೊತ್ತು ಕಲಿತರು. 1957ರ ಪ್ಯಾರಿಸ್ ಭೇಟಿಗೆ ಹಾರ್ಟ್‌ನೆಲ್ ಮಾಡಿದ ಉಡುಪಿನಲ್ಲಿ ಫ್ರಾನ್ಸಿನ ಕಾಡುಹೂಗಳೂ ಜೇನುನೊಣಗಳೂ ಕಸೂತಿಯಾಗಿ ಕಾಣಿಸಿಕೊಂಡವು.

ಕಾಲ ಕಳೆದಂತೆ ಕಸೂತಿ ಸಂಜೆಯ ಔತಣಗಳಿಗೆ ಮೀಸಲಾಯಿತು. ಹಗಲಿನ ಕೆಲಸಕ್ಕೆ ಬೇರೊಂದು ವೇಷ ಗಟ್ಟಿಗೊಂಡಿತು: ತಲೆಯಿಂದ ಮಂಡಿಯವರೆಗೆ ಒಂದೇ ಬಣ್ಣದ ಕೋಟು ಮತ್ತು ಉಡುಪು, ಅದಕ್ಕೆ ಹೊಂದುವ ಟೋಪಿ, ಮೂರೆಳೆ ಮುತ್ತಿನ ಸರ, ಎಡ ಎದೆಯ ಮೇಲೊಂದು ಬ್ರೂಚ್, ಕೈಗವಸು, ಕಪ್ಪು ಪಾದರಕ್ಷೆ, ಕಪ್ಪು ಚೀಲ. ರಾಣಿಯ ಎತ್ತರ ಸುಮಾರು 5 ಅಡಿ 4 ಅಂಗುಲ. ರಸ್ತೆಯ ಬದಿಯಲ್ಲಿ ಮೂರು ಗಂಟೆ ಕಾದವರಿಗೆ ಜನರ ತಲೆಗಳ ನಡುವೆ ಅವರು ಕಾಣುವುದು ಹತ್ತು ಸೆಕೆಂಡು ಇದ್ದೀತು. ಆ ಹತ್ತು ಸೆಕೆಂಡಿನಲ್ಲಿ ಅವರು ಕಾಣಲೇಬೇಕು. ಹಳದಿ, ಕೆನ್ನೀಲಿ, ಗಿಳಿಹಸಿರು, ರಾಣಿ ಬಣ್ಣ ಎಂದು ನಾವು ಕರೆಯುವ ಗಾಢ ಗುಲಾಬಿ ಇವೆಲ್ಲ ಬಂದದ್ದು ಆ ಕಾರಣಕ್ಕೆ. ಟೋಪಿಯ ಅಂಚು ಮುಖ ಮುಚ್ಚದಂತೆ ಇರುತ್ತಿತ್ತು. ಮಳೆ ಬಂದರೆ ಹಿಡಿಯುವ ಛತ್ರಿ ಫಲ್ಟನ್ ಸಂಸ್ಥೆಯ ಪಾರದರ್ಶಕ ಛತ್ರಿ, ಅದರ ಅಂಚಿಗೆ ಆ ದಿನದ ಕೋಟಿನ ಬಣ್ಣದ ಪಟ್ಟಿ. ಗಾಳಿಗೆ ಉಡುಪು ಹಾರದಿರಲೆಂದು ಕೆಳ ಅಂಚಿನ ಮಡಿಕೆಯೊಳಗೆ ತೂಕದ ಸಣ್ಣ ಬಿಲ್ಲೆಗಳನ್ನು ಇಟ್ಟು ಹೊಲಿಯುತ್ತಿದ್ದರೆಂದು ಅವರ ವಿನ್ಯಾಸಕಾರರಲ್ಲಿ ಒಬ್ಬರಾದ ಸ್ಟೂವರ್ಟ್ ಪಾರ್ವಿನ್ ಹೇಳಿದ್ದಾರೆ.

ಕಾಣದೆ ಹೋದರೆ ಏನಾಗುತ್ತದೆ ಎಂಬುದಕ್ಕೆ 1991ರ ಮೇ ತಿಂಗಳಿನಲ್ಲಿ ವಾಷಿಂಗ್ಟನ್ನಿನಲ್ಲಿ ಒಂದು ನಿದರ್ಶನ ಸಿಕ್ಕಿತು. ಶ್ವೇತಭವನದ ಹುಲ್ಲುಹಾಸಿನಲ್ಲಿ ಎತ್ತರದ ಅಧ್ಯಕ್ಷ ಬುಷ್ ಅವರ ಅಳತೆಗೆ ಇಟ್ಟಿದ್ದ ಭಾಷಣ ಪೀಠವನ್ನು ರಾಣಿಗಾಗಿ ತಗ್ಗಿಸಲು, ಕಾಲಡಿಗೆ ಮಣೆ ಇಡಲು ಯಾರಿಗೂ ನೆನಪಾಗಲಿಲ್ಲ. ಮೈಕುಗಳ ಹಿಂದೆ ಅವರ ಮುಖ ಮರೆಯಾಗಿ, ನೆರೆದವರಿಗೆ ಕಂಡದ್ದು ಟೋಪಿ ಮಾತ್ರ. ಎರಡು ದಿನಗಳ ನಂತರ ಅಮೆರಿಕದ ಕಾಂಗ್ರೆಸ್ ಸದನದಲ್ಲಿ ಭಾಷಣಕ್ಕೆ ನಿಂತ ರಾಣಿ, ಇಂದಾದರೂ ನಾನು ನಿಮಗೆಲ್ಲ ಕಾಣುತ್ತಿದ್ದೇನೆಂದು ಭಾವಿಸುತ್ತೇನೆ ಎಂಬರ್ಥದ ಮಾತಿನಿಂದಲೇ ಆರಂಭಿಸಿದರು. ಸದನವಿಡೀ ನಕ್ಕು ಎದ್ದುನಿಂತು ಚಪ್ಪಾಳೆ ತಟ್ಟಿತು. ಆ ನಗುವಿನೊಳಗೆ ವೃತ್ತಿಯ ಸತ್ಯವೊಂದಿತ್ತು: ಕಾಣಿಸಿಕೊಳ್ಳುವುದೇ ಅವರ ಕೆಲಸದ ಬಹುಭಾಗ.

ಕಾಣಿಸಿಕೊಳ್ಳುವ ಕೆಲಸದ ಜೊತೆಗೆ, ಬಾಯಿಬಿಟ್ಟು ಹೇಳಲಾಗದ್ದನ್ನು ತಿಳಿಸುವ ಕೆಲಸವೂ ಉಡುಪಿನದಾಗಿತ್ತು. ಸಂವಿಧಾನಬದ್ಧ ರಾಣಿ ರಾಜಕೀಯ ಅಭಿಪ್ರಾಯ ಹೇಳುವಂತಿಲ್ಲ. ಆದರೆ 2011ರ ಮೇ 17ರಂದು, ಸ್ವತಂತ್ರ ಐರ್ಲೆಂಡಿಗೆ ಬ್ರಿಟನ್ನಿನ ಆಳುವ ದೊರೆಯೊಬ್ಬರು ಮೊದಲ ಬಾರಿಗೆ ಕಾಲಿಟ್ಟಾಗ, ವಿಮಾನದಿಂದ ಇಳಿದ ರಾಣಿ ಹಸಿರು ತೊಟ್ಟಿದ್ದರು. ನೂರು ವರ್ಷದ ವೈಮನಸ್ಯದ ಮುಂದೆ ಆ ಬಣ್ಣ ಮೊದಲ ನಮಸ್ಕಾರವಾಯಿತು. ಮರುದಿನ ಸಂಜೆ ಡಬ್ಲಿನ್ ಕೋಟೆಯ ಔತಣಕ್ಕೆ ತೊಟ್ಟ ಬಿಳಿಯ ಉಡುಪಿನ ಮೇಲೆ ಐರ್ಲೆಂಡಿನ ಗುರುತಾದ ಶ್ಯಾಮ್‌ರಾಕ್ ಗಿಡದ 2,091 ಎಲೆಗಳನ್ನು ಕೈಯಿಂದ ಹೊಲಿದಿದ್ದರು, ಹೆಗಲ ಬಳಿ ಐರ್ಲೆಂಡಿನ ವೀಣೆಯಂಥ ಹಾರ್ಪ್ ವಾದ್ಯದ ಆಕಾರದ ಬ್ರೂಚ್ ಇತ್ತು. ಆ ಉಡುಪಿನ ಹಿಂದಿದ್ದವರು ಏಂಜೆಲಾ ಕೆಲ್ಲಿ. ಲಿವರ್‌ಪೂಲಿನ ಸಾಧಾರಣ ಮನೆತನದಿಂದ ಬಂದು 1994ರಲ್ಲಿ ರಾಣಿಯ ಸೇವೆಗೆ ಸೇರಿದ ಅವರು ಮುಂದೆ ಉಡುಪು, ಆಭರಣಗಳ ಪೂರ್ಣ ಹೊಣೆ ಹೊತ್ತರು.

ಉಡುಪಿನ ಮಾತಿಗೆ ಒಂದು ಅಪಾಯವೂ ಇದೆ, ಜನ ಅದರಲ್ಲಿ ಇಲ್ಲದ್ದನ್ನೂ ಓದುತ್ತಾರೆ. 2017ರ ಜೂನ್‌ನಲ್ಲಿ ಸಂಸತ್ತಿನ ಅಧಿವೇಶನ ಉದ್ಘಾಟಿಸಲು ರಾಣಿ ತೊಟ್ಟ ನೀಲಿ ಟೋಪಿಯ ಮೇಲೆ ಹಳದಿ ನಡುವಿನ ಹೂಗಳಿದ್ದವು. ಬ್ರೆಕ್ಸಿಟ್, ಅಂದರೆ ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವ ವಾದ ಕುದಿಯುತ್ತಿದ್ದ ಕಾಲವದು. ಅದು ಐರೋಪ್ಯ ಒಕ್ಕೂಟದ ಬಾವುಟದಂತಿದೆ, ರಾಣಿ ತಮ್ಮ ಮನಸ್ಸನ್ನು ಹೊರಹಾಕಿದ್ದಾರೆ ಎಂದು ಪತ್ರಿಕೆಗಳು ಬರೆದವು. ಅದು ಕಾಕತಾಳೀಯವೆಂದು ಏಂಜೆಲಾ ಕೆಲ್ಲಿ ಆಮೇಲೆ ಸ್ಪಷ್ಟಪಡಿಸಿದರು. ಹೂವೊಂದರ ಬಣ್ಣಕ್ಕೂ ರಾಜಕೀಯ ಅರ್ಥ ಹುಡುಕುವ ಕಣ್ಣುಗಳ ಮುಂದೆ ನಿಲ್ಲುವವರಿಗೆ, ಯಾವ ಅರ್ಥಕ್ಕೂ ಎಡೆಗೊಡದ ವಸ್ತುವೊಂದು ಮೈಮೇಲೆ ಇರುವುದು ಎಷ್ಟು ಮುಖ್ಯವೆಂದು ಇದರಿಂದ ತಿಳಿಯಬಹುದು. ಕಪ್ಪು ಚೀಲ ಯಾವ ದೇಶದ ಹೂವನ್ನೂ ಹೊತ್ತಿರಲಿಲ್ಲ. ಡಬ್ಲಿನ್ನಿನಲ್ಲಾಗಲಿ, ಸಂಸತ್ತಿನಲ್ಲಾಗಲಿ, ಆಸ್ಪತ್ರೆಯ ಉದ್ಘಾಟನೆಯಲ್ಲಾಗಲಿ ಅದು ಒಂದೇ ತೆರನಾಗಿ ಮೌನವಾಗಿತ್ತು. ಉಡುಪು ಆಯಾ ಊರಿನವರಿಗಾಗಿ ಬದಲಾಗುತ್ತಿತ್ತು. ಬಂದಿರುವುದು ನಿನ್ನೆಯ ಅದೇ ರಾಣಿ ಎಂಬ ಭರವಸೆಯನ್ನು ಚೀಲ ಕೊಡುತ್ತಿತ್ತು.

ಹಳೆಯದನ್ನು ಉಳಿಸಿಕೊಳ್ಳುವ ಸ್ವಭಾವ ಚೀಲಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. 1977ರ ಜೂನ್ 7ರಂದು ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಸೇಂಟ್ ಪಾಲ್ಸ್ ಕೆಥೆಡ್ರಲ್‌ಗೆ ಹೋದಾಗ ತೊಟ್ಟ, ಹಾರ್ಡಿ ಏಮಿಸ್ ವಿನ್ಯಾಸದ ಗುಲಾಬಿ ಉಡುಪು ಹೊಸದಾಗಿರಲಿಲ್ಲ, ಹಿಂದಿನ ವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್ ಉದ್ಘಾಟನೆಗೆ ಅದನ್ನೇ ತೊಟ್ಟಿದ್ದರು. ದೇಶಕ್ಕೆ ದೇಶವೇ ಬೀದಿಗಿಳಿದು ಸಂಭ್ರಮಿಸಿದ ದಿನಕ್ಕೆ ಒಮ್ಮೆ ತೊಟ್ಟ ಬಟ್ಟೆ ಸಾಕೆನಿಸಿದ್ದು ಪಡಿತರದ ಕಾಲದಲ್ಲಿ ಪ್ರಾಯಕ್ಕೆ ಬಂದವರ ಬುದ್ಧಿಯೆಂದೇ ನಾನು ತಿಳಿದಿದ್ದೇನೆ. ಪಾದರಕ್ಷೆಯ ವಿಷಯದಲ್ಲೂ ಇದೇ ಬಗೆಯ ವ್ಯವಹಾರಜ್ಞಾನವಿತ್ತು. ಹೊಸ ಚರ್ಮ ಕಚ್ಚುತ್ತದೆ, ಕಾಲು ಕಚ್ಚಿಸಿಕೊಂಡು ಕುಂಟುತ್ತ ಗೌರವವಂದನೆ ಸ್ವೀಕರಿಸಲಾಗುವುದಿಲ್ಲ. ತಮ್ಮ ಕಾಲಿನ ಅಳತೆಯೂ ರಾಣಿಯದೂ ಒಂದೇ ಆದ್ದರಿಂದ ಹೊಸ ಜೋಡನ್ನು ತಾವೇ ಮೊದಲು ತೊಟ್ಟು ಅರಮನೆಯಲ್ಲಿ ಓಡಾಡಿ ಮೆದುಮಾಡಿ ಕೊಡುತ್ತಿದ್ದುದಾಗಿ ಏಂಜೆಲಾ ಕೆಲ್ಲಿ 2019ರಲ್ಲಿ ಬರೆದರು. ನೋಡುವವರಿಗೆ ಇವೆಲ್ಲ ಸಣ್ಣ ವಿಷಯಗಳೆನಿಸಬಹುದು. ಗಂಟೆಗಟ್ಟಲೆ ನಿಲ್ಲುವ ಕೆಲಸ ಮಾಡುವ ನಮ್ಮ ನರ್ಸುಗಳು, ಶಿಕ್ಷಕಿಯರು, ಬಸ್ ಕಂಡಕ್ಟರುಗಳು ಇದನ್ನು ಸಣ್ಣದೆಂದು ಹೇಳಲಾರರು.

ಕನ್ನಡ ನಾಡಿಗೂ ಈ ಪ್ರಕರಣಕ್ಕೂ ಒಂದು ನಿಜವಾದ ಕೊಂಡಿ ಇದೆ. 1961ರಲ್ಲಿ ರಾಣಿ ಭಾರತ, ಪಾಕಿಸ್ತಾನ, ನೇಪಾಳ, ಇರಾನ್‌ಗಳ ದೀರ್ಘ ಪ್ರವಾಸ ಕೈಗೊಂಡರು. ದೆಹಲಿಯ ಗಣರಾಜ್ಯೋತ್ಸವದಲ್ಲಿ ಮುಖ್ಯ ಅತಿಥಿಯಾಗಿದ್ದರು. ಪಾಕಿಸ್ತಾನದ ಔತಣಕ್ಕೆ ಆ ದೇಶದ ಬಣ್ಣಗಳಾದ ಬಿಳಿ ಮತ್ತು ಹಸಿರಿನಲ್ಲಿ ಹಾರ್ಟ್‌ನೆಲ್ ಉಡುಪು ಸಿದ್ಧಪಡಿಸಿದ್ದರು. ಆ ಫೆಬ್ರವರಿಯಲ್ಲಿ ಬೆಂಗಳೂರಿಗೂ ಬಂದ ರಾಣಿ ಲಾಲ್‌ಬಾಗಿನಲ್ಲಿ ಸಸಿ ನೆಟ್ಟರು, ನಂದಿಬೆಟ್ಟಕ್ಕೆ ಹೋದರು. ಅವರನ್ನು ಬರಮಾಡಿಕೊಂಡ ಮೈಸೂರು ರಾಜ್ಯದ ರಾಜ್ಯಪಾಲರು ಜಯಚಾಮರಾಜ ಒಡೆಯರ್. ಸಿಂಹಾಸನ ಏರಿದ್ದ ಮಹಾರಾಜರು ರಾಜಪ್ರಮುಖರಾಗಿ, ಅನಂತರ ಗಣರಾಜ್ಯದ ರಾಜ್ಯಪಾಲರಾಗಿ ನಿಂತಿದ್ದರು. ಅಧಿಕಾರ ಕೈಬಿಟ್ಟ ಮೇಲೂ ಪೀಠದ ಘನತೆಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಅಂದು ಎದುರುಬದುರು ನಿಂತ ಇಬ್ಬರಿಗೂ ಬೇರೆ ಬೇರೆ ರೀತಿಯಲ್ಲಿ ಗೊತ್ತಿದ್ದುದೇ. ಉಡುಗೆತೊಡುಗೆಯಲ್ಲಿ ಗಾಂಭೀರ್ಯ ಬಿಡದೆ, ಆದರೆ ಮೆರೆಯದೆ ಇರುವುದು ಆ ಪ್ರಶ್ನೆಗೆ ಒಂದು ಉತ್ತರ.

ಚೀಲದ ಬಗ್ಗೆ ಅತಿ ಹೆಚ್ಚು ಪ್ರಚಾರ ಪಡೆದದ್ದು ಅದರ ಸಂಕೇತಗಳ ಕಥೆ. ಮಾತನಾಡುತ್ತಿರುವಾಗ ಚೀಲವನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಾಯಿಸಿದರೆ ಸಂಭಾಷಣೆ ಮುಗಿಸಬೇಕೆಂದು ಅರ್ಥ ಎಂಬುದನ್ನು ರಾಜಮನೆತನದ ಇತಿಹಾಸಕಾರ ಹ್ಯೂಗೊ ವಿಕರ್ಸ್ ಹೇಳಿದ್ದಾರೆ. ಊಟದ ಮೇಜಿನ ಮೇಲಿಟ್ಟರೆ ಐದು ನಿಮಿಷದಲ್ಲಿ ಏಳುತ್ತಾರೆ, ನೆಲಕ್ಕಿಟ್ಟರೆ ಬೇಸರವಾಗಿದೆ ಎಂಬ ಮಾತುಗಳೂ ಹಬ್ಬಿವೆ. ಇವೆಲ್ಲ ಅರಮನೆಯ ಪ್ರಕಟಣೆಗಳಲ್ಲ, ಹತ್ತಿರದಿಂದ ಬಲ್ಲವರೂ ಬರಹಗಾರರೂ ಹೇಳಿದ ಮಾತುಗಳು. ತೋಳು ಬದಲಿಸುವ ಸಂಕೇತ ನಂಬುವಂತಿದೆ. ಸಾಲಿನಲ್ಲಿ ಇನ್ನೂ ಐವತ್ತು ಜನ ಕಾಯುತ್ತಿರುವಾಗ ಎದುರಿಗಿರುವವರ ಮಾತನ್ನು ತುಂಡರಿಸದೆ, ಅವರ ಮನಸ್ಸಿಗೂ ನೋವಾಗದೆ ಮುಂದೆ ಸಾಗಬೇಕಲ್ಲ. ಆ ಸಂಕೇತ ಕಂಡ ಸಹಾಯಕಿ ನಗುನಗುತ್ತ ಬಂದು ಮಾತಿಗೆ ಸೇರಿಕೊಂಡರೆ ಯಾರಿಗೂ ಅವಮಾನವಾಗುವುದಿಲ್ಲ. ಮಿಕ್ಕ ಕಥೆಗಳ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಔತಣದ ವೇಳೆ ನಿಮಿಷ ನಿಮಿಷಕ್ಕೂ ಮೊದಲೇ ಗೊತ್ತಾಗಿರುವ ಅರಮನೆಯಲ್ಲಿ ಐದು ನಿಮಿಷದ ಎಚ್ಚರಿಕೆಗೆ ಚೀಲವೇ ಬೇಕಿರಲಿಲ್ಲ.

ಒಳಗೇನಿತ್ತು ಎಂಬ ಕುತೂಹಲವೂ ದೊಡ್ಡದು. ತುಟಿಬಣ್ಣ, ಪುಟ್ಟ ಕನ್ನಡಿ, ಓದುವ ಕನ್ನಡಕ, ಲೇಖನಿ, ಪೆಪ್ಪರ್‌ಮಿಂಟು, ಭಾನುವಾರವಾದರೆ ಚರ್ಚಿನ ಕಾಣಿಕೆಗೆ ಮಡಿಸಿದ ಒಂದು ನೋಟು ಎಂಬುದು ಬಲ್ಲವರು ಕೊಡುವ ಪಟ್ಟಿ. ತುಟಿಬಣ್ಣಕ್ಕೆ ಮಾತ್ರ ಬೇರೆ ಸಾಕ್ಷಿ ಬೇಡ, ಸಮಾರಂಭಗಳಲ್ಲೇ ಕನ್ನಡಿ ತೆಗೆದು ರಾಣಿ ತುಟಿಬಣ್ಣ ಸರಿಮಾಡಿಕೊಂಡ ಛಾಯಾಚಿತ್ರಗಳು ಹಲವು ಇವೆ. ನಮ್ಮ ಅಜ್ಜಿಯರ ಎಲೆಯಡಿಕೆ ಸಂಚಿಯಲ್ಲಿ ಎಲೆಯ ಜೊತೆಗೆ ಮೊಮ್ಮಕ್ಕಳಿಗೆಂದು ನಾಲ್ಕಾಣೆಯೂ ಇರುತ್ತಿತ್ತು. ಸಂಚಿ ಯಾರ ಕೈಗೂ ಸಿಗುತ್ತಿರಲಿಲ್ಲ. ಎಲ್ಲವನ್ನೂ ಇನ್ನೊಬ್ಬರು ಎತ್ತಿಕೊಡುವ ಬದುಕಿನಲ್ಲಿ ಯಾರೂ ಕೈಹಾಕದ ಅಂಥದೊಂದು ಜಾಗ ರಾಣಿಗೂ ಬೇಕಾಗಿದ್ದಿರಬೇಕು. ಬಾಲ್ಮೋರಲ್ ದಿವಾನಖಾನೆಯ ಪ್ರಶ್ನೆಗೆ ನನಗೆ ತೋಚುವ ಉತ್ತರದ ಅರ್ಧಭಾಗ ಇದು. ಉಳಿದರ್ಧ ಇನ್ನೂ ಸರಳ: ಅಂದು ಅಲ್ಲಿ ನಡೆಯುತ್ತಿದ್ದುದು ರಾಜ್ಯದ ಕೆಲಸ. ಮನೆಯೊಳಗೇ ಆದರೂ ಪ್ರಧಾನಮಂತ್ರಿಯ ಮುಂದೆ ನಿಲ್ಲುವ ರಾಣಿ ಕೆಲಸದ ವೇಷದಲ್ಲಿದ್ದರು, ಚೀಲ ಆ ವೇಷದ ಭಾಗವಾಗಿತ್ತು.

ಅದೇ ಕಾಲದ, ಅದೇ ದೇಶದ ಮತ್ತೊಂದು ಕೈಚೀಲದ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಪ್ರಧಾನಮಂತ್ರಿ ಮಾರ್ಗರೆಟ್ ಥ್ಯಾಚರ್ ಅವರ ಚೀಲ ಆಯುಧವಾಗಿ ಹೆಸರಾಯಿತು. ಎದುರಾಳಿಯನ್ನು ಮಾತಿನಲ್ಲಿ ಬಡಿದು ಮಲಗಿಸುವುದಕ್ಕೆ ಇಂಗ್ಲಿಷಿನಲ್ಲಿ ಚೀಲದ ಹೆಸರೇ ಕ್ರಿಯಾಪದವಾಯಿತು. 2011ರಲ್ಲಿ ಅವರ ಒಂದು ಕಪ್ಪು ಚೀಲ ಹರಾಜಿನಲ್ಲಿ 25,000 ಪೌಂಡ್‌ಗೆ ಹೋಯಿತು. ಥ್ಯಾಚರ್ ಅವರಿಗೆ ವಾದ ಗೆಲ್ಲಬೇಕಿತ್ತು, ಅವರ ಚೀಲವೂ ಆ ಗೆಲುವಿನಲ್ಲಿ ಪಾಲು ಪಡೆಯಿತು. ರಾಣಿಗೆ ಗೆಲ್ಲಬೇಕಾದ ವಾದವೇ ಇರಲಿಲ್ಲ. ಎಡದವರೂ ಬಲದವರೂ ಒಂದೇ ನಂಬಿಕೆಯಿಂದ ಅವರ ಮುಂದೆ ಬರುವಂತಿರಬೇಕಿತ್ತು.

ನಿರಾಡಂಬರವೆಂದ ಮಾತ್ರಕ್ಕೆ ಅಗ್ಗವೆಂದು ಅರ್ಥವಲ್ಲ. ಲೌನರ್ ಚೀಲದ ಬೆಲೆ ಸಾವಿರ ಪೌಂಡನ್ನು ಮೀರುತ್ತದೆ, ದುಡಿಯುವವರ ಕೈಗೆಟಕುವ ವಸ್ತುವಲ್ಲ ಅದು. ರಾಣಿಯ ಬಳಿ ಅಂಥವು ಒಂದೆರಡಲ್ಲ, ಬಹಳಷ್ಟಿದ್ದವು. ಆದ್ದರಿಂದ ಅವರ ಚೀಲವನ್ನು ಬಡತನದ ಅಥವಾ ತ್ಯಾಗದ ಗುರುತಾಗಿ ಹೊಗಳುವುದು ಸರಿಯಲ್ಲ. ಹೊಗಳಬೇಕಾದದ್ದು ಬೇರೆ ಇದೆ. ಜಗತ್ತಿನ ಯಾವ ಮಳಿಗೆಯ ಯಾವ ಚೀಲವನ್ನಾದರೂ ತರಿಸಿಕೊಳ್ಳಬಹುದಾಗಿದ್ದವರು ಐವತ್ತು ವರ್ಷಕ್ಕೂ ಮೀರಿ ತಮ್ಮ ದೇಶದ ಒಂದು ಕೈಕೆಲಸದ ಕಾರ್ಖಾನೆಗೆ ನಿಷ್ಠರಾಗಿ ಉಳಿದರು. ಋತುವಿಗೊಂದು ಹೊಸತು ಬೇಡುವ ಫ್ಯಾಷನ್ ಲೋಕದ ಒತ್ತಡಕ್ಕೆ ಬಗ್ಗಲಿಲ್ಲ. 2018ರ ಫೆಬ್ರವರಿ 20ರಂದು ಲಂಡನ್ ಫ್ಯಾಷನ್ ವೀಕ್‌ನಲ್ಲಿ ರಿಚರ್ಡ್ ಕ್ವಿನ್ ಅವರ ಪ್ರದರ್ಶನ ನೋಡಲು ಬಂದು, ಆ ಲೋಕದ ಪ್ರಭಾವಿ ಸಂಪಾದಕಿ ಆನಾ ವಿಂಟೂರ್ ಪಕ್ಕದ ಮೊದಲ ಸಾಲಿನಲ್ಲಿ ಕುಳಿತಾಗಲೂ ಅವರದು ಎಂದಿನ ತಿಳಿನೀಲಿ ಸೂಟು, ಎಂದಿನ ಮುತ್ತು. ಅಂದು ತಮ್ಮ ಹೆಸರಿನ ವಿನ್ಯಾಸ ಪ್ರಶಸ್ತಿಯನ್ನು ಯುವ ವಿನ್ಯಾಸಕಾರನಿಗೆ ಕೊಟ್ಟು ಎದ್ದುಹೋದರು.

ಆ ಚೀಲವನ್ನು ಜನರ ಮುಂದೆ ತೆರೆದು ತೋರಿಸಿದ್ದು ಒಮ್ಮೆ. 2022ರ ಜೂನ್ 4ರಂದು, ಆಳ್ವಿಕೆಯ ಎಪ್ಪತ್ತನೆಯ ವರ್ಷದ ಸಂಗೀತ ಸಂಜೆಯ ಆರಂಭದಲ್ಲಿ ತೋರಿಸಿದ ಕಿರುದೃಶ್ಯದಲ್ಲಿ, ಮಕ್ಕಳ ಮೆಚ್ಚಿನ ಪ್ಯಾಡಿಂಗ್ಟನ್ ಕರಡಿಯ ಜೊತೆ ಚಹಾಕ್ಕೆ ಕುಳಿತ ರಾಣಿ ಚೀಲದ ಮುಚ್ಚಳ ತೆಗೆದು ಒಳಗಿಂದ ಮಾರ್ಮಲೇಡ್ ಸ್ಯಾಂಡ್‌ವಿಚ್ ಎತ್ತಿ ತೋರಿಸಿದರು. ಮಕ್ಕಳು ಕುಣಿದರು. ದಶಕಗಳ ಕಾಲ ಒಳಗನ್ನು ಜನರಿಗೆ ತೋರಿಸದೇ ಇದ್ದ ಚೀಲವಾದ್ದರಿಂದಲೇ ಆ ಒಂದು ಗಳಿಗೆಗೆ ಅಷ್ಟು ಸಂತೋಷ ಹುಟ್ಟಿತು.

ರಾಣಿಯ ಮರಣದೊಂದಿಗೆ ಅವರು ಕೊಟ್ಟ ರಾಯಲ್ ವಾರಂಟ್‌ಗಳೆಲ್ಲ ನಿಯಮದಂತೆ ಕೊನೆಗೊಂಡವು. ರಾಜಲಾಂಛನವನ್ನು ಅಂಗಡಿಯ ಫಲಕ, ಪೆಟ್ಟಿಗೆಗಳಿಂದ ತೆಗೆಯಲು ಸಂಸ್ಥೆಗಳಿಗೆ ಎರಡು ವರ್ಷದ ಅವಕಾಶವಿರುತ್ತದೆ. ಸೆಪ್ಟೆಂಬರ್ 19ರಂದು ಶವಪೆಟ್ಟಿಗೆ ವಿಂಡ್ಸರ್ ಕೋಟೆಯ ಉದ್ದದ ರಸ್ತೆಯಲ್ಲಿ ಸಾಗುವಾಗ, ರಾಣಿ ಸವಾರಿ ಮಾಡುತ್ತಿದ್ದ ಎಮ್ಮಾ ಎಂಬ ಕಪ್ಪು ಕುದುರೆಯನ್ನು ಹುಲ್ಲಿನ ಅಂಚಿನಲ್ಲಿ ನಿಲ್ಲಿಸಿದ್ದರು. ಆ ದಿನ ಕಿರೀಟ, ರಾಜದಂಡ, ಗೋಳ ಮೂರೂ ಪೆಟ್ಟಿಗೆಯ ಮೇಲಿದ್ದವು. ಚೀಲ ಎಲ್ಲಿಯೂ ಕಾಣಲಿಲ್ಲ. ಎಮ್ಮಾಳ ಬರಿದಾದ ಜೀನಿನ ಮೇಲೆ ರಾಣಿ ತಲೆಗೆ ಕಟ್ಟಿಕೊಳ್ಳುತ್ತಿದ್ದ ವಸ್ತ್ರವೊಂದನ್ನು ಮಡಿಸಿ ಇಟ್ಟಿದ್ದರು.